ಬೆಳೆ: ಇಲ್ಲ

ಹಿಪ್ಪರಗಿ ಬ್ಯಾರೇಜಿನ ಕೆಳಗೆ, ಕಾಲುವೆ ಬಾಗುವಲ್ಲಿ
ಎರಡು ಎಕರೆ ಹತ್ತು ಗುಂಟೆ.
ನನ್ನ ಕೈಯಲ್ಲಿ ಸಲಿಕೆ, ಹೆಗಲಿಗೆ ಚೀಲ,
ಚೀಲದ ತುಂಬ ನಂಬರು ಬರೆದ ಪಾಕೀಟು,
ಒಂದೊಂದಕ್ಕೂ ಅರ್ಧ ಕಿಲೋ ಮಣ್ಣು.

ಮಾಘದ ಬೆಳಗು. ದೂರದಿಂದ ಹೊಲ
ಯಾರೋ ಸುಣ್ಣ ಚೆಲ್ಲಿ ಬಳಿಯಲು ಮರೆತ ಗೋಡೆ.
ಹತ್ತಿರ ಹೋದರೆ ಕಾಲಡಿಯಲ್ಲಿ
ಹಪ್ಪಳ ಮುರಿದ ಸದ್ದು.

ಹದಿನೆಂಟು ವರ್ಷ ಕಬ್ಬು ನಿಂತಿತ್ತಂತೆ ಇಲ್ಲಿ,
ಕುಡಿದದ್ದೇ ಕುಡಿದದ್ದು, ಹಗಲೂ ರಾತ್ರಿ.
ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ.
ಎರಿ ಹೊಲಕ್ಕೆ ಅದೇ ಗಾದೆ ತಿರುವುಮುರುವು:
ನೀರು ಕುಡಿದದ್ದು ಉಪ್ಪು ಉಗುಳಲೇಬೇಕು.

ಹೊಲದವರು ತೇರದಾಳದಲ್ಲಿ ಮಗ್ಗದ ಸಾಮಾನು ಮಾರುತ್ತಾರೆ.
ದಾರಿ ತೋರಿಸಲು ಬಂದವಳು ಉಪ್ಪಾರ ಓಣಿಯ ಗುರಸಿದ್ದವ್ವ,
ಹಿಂದೆ ಮೂರು ಆಡು,
ಎಂಬತ್ತು ದಾಟಿತೋ ಇಲ್ಲವೋ ಅವಳಿಗೂ ಗೊತ್ತಿಲ್ಲ.

"ತುಳಿಬ್ಯಾಡ ತಂಗಿ" ಎಂದಳು.
ಏನನ್ನು?
ಬಗ್ಗಿದೆ. ಇನ್ನೂ ಬಗ್ಗಿದೆ.

ಗೇಣುದ್ದವೂ ಇಲ್ಲದ ಬೂದಿಬಣ್ಣದ ಗಿಡ,
ಕುಸುಬಿ ಕಾಳಿನಷ್ಟು ಎಲೆ, ಒತ್ತೊತ್ತಾಗಿ,
ತುದಿಯಲ್ಲಿ ಮೂಗುತಿಯ ಹರಳಿಗೂ ಸಣ್ಣ ಬಿಳಿ ಹೂವು,
ಐದು ಎಳೆ ಹೊರಗೆ ಚಾಚಿ
ಗಾಳಿ ಎತ್ತಲಿಂದ ಎಂದು ನೋಡುತ್ತಿತ್ತು.
ಎಲೆ ಎಲೆಗೂ ಹನಿ.

ಮಂಜು, ಎಂದೆ.
"ಮಂಜಲ್ಲವಾ. ನಾಲಿಗಿಗೆ ಹಚ್ಚಿ ನೋಡು."
ಮಾದರಿ ತೆಗೆಯುವವರು ಬಾಯಿಗೆ ಏನೂ ಹಾಕಬಾರದೆಂದು
ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದಾರೆ.
ಹಚ್ಚಿದೆ.

ಅಷ್ಟರಲ್ಲಿ ಆಡೊಂದು ಬಂದು ಗಿಡ ಮೂಸಿ,
ಹನಿ ಮಾತ್ರ ನೆಕ್ಕಿ, ಎಲೆ ಬಿಟ್ಟು ಹೋಯಿತು.

"ಇದು ಎಲ್ಲಿ ಎದ್ದೈತೋ ಅಲ್ಲಿ ನಮ್ಮಜ್ಜ ಮಣ್ಣು ಕೆರಿತಿದ್ದ.
ಮಡಿಕಿ ತಳಕ್ಕ ತೂತು, ತೂತಿಗೆ ಹುಲ್ಲು,
ಹುಲ್ಲಿನ ಮ್ಯಾಲ ಮಣ್ಣು, ಮಣ್ಣಿನ ಮ್ಯಾಲ ನೀರು.
ಇಳಿದದ್ದು ಬಿಸಲಿಗಿಟ್ರ ಉಪ್ಪು.
ಮಾಡಬ್ಯಾಡ್ರಿ ಅಂತ ಡಂಗುರ ಹೊಡಿಸಿದ್ರಂತ.
ಆಮ್ಯಾಲೂ ಒಂದು ಮಡಿಕಿ ಹಿತ್ತಲದಾಗಿತ್ತು.
ನನ್ನ ಮದುವಿ ಸಾರಿಗೆ ಅದರದ ಉಪ್ಪು."

ಸ್ವಲ್ಪ ಸುಮ್ಮನಿದ್ದು ಕೇಳಿದಳು:
"ಸಮುದ್ರ ಇಲ್ಲಿಂದ ಎಷ್ಟು ದೂರ?"
ಬಸ್ಸಿನಲ್ಲಿ ಒಂದು ರಾತ್ರಿ, ಎಂದೆ,
ಅಲ್ಲಿಯ ಜವುಗಿನಲ್ಲೂ ಇಂಥವು ಬೆಳೆಯುತ್ತವೆ.
"ಹಂಗಾರ ಇದು ನಡಕೊಂತ ಬಂದಿರಬೇಕು,"
ಗಿಡದ ಕಾಲು ಹುಡುಕುವವಳ ಹಾಗೆ ಬುಡ ಕೆದಕಿದಳು,
"ಬಡವರ ಬೀಗತಿ. ಬುತ್ತಿ ಕಟಗೊಂಡು ಬಂದಾಳ."

ನಾನು ಕಾಗದ ತೆಗೆದೆ.
ಹೋಬಳಿ, ಆಳ, ಬಣ್ಣ.
ಏಳನೆಯ ಕಾಲಂ: ಸದ್ಯದ ಬೆಳೆ.
ಪೆನ್ನು ಊರಿದೆ.

"ಏನಂತ ಬರದಿ?"
"ಬೆಳೆ ಇಲ್ಲ ಅಂತ."
"ಮತ್ತ ಇದು?"
"ಇದು ಕಳೆ, ಆಯಿ."
"ಹೌದಲ್ಲ!" ಎಂದಳು, ನನ್ನ ಬೈಗುಳವನ್ನು
ಹೊಗಳಿಕೆಯೆಂದೇ ಸೆರಗಿಗೆ ಕಟ್ಟಿಕೊಂಡು,
"ಸತ್ತ ಹೊಲದ ಮಾರಿಗೆ
ಇದೊಂದ ನೋಡು ಕಳೆ."

ಪೆನ್ನು ಮೂಡಲಿಲ್ಲವೋ, ನಾನೇ ಒತ್ತಲಿಲ್ಲವೋ,
ಆ ಚೌಕ ಖಾಲಿ ಉಳಿಯಿತು.
ಬಾಗಲಕೋಟೆಯ ಆಫೀಸಿನಲ್ಲಿ ಸಾಹೇಬರು ಕೇಳಿದರು.
ಮರೆತೆ ಸರ್, ಎಂದೆ.
ಅವರೇ 'ಇಲ್ಲ' ಎಂದು ತುಂಬಿ ಸಹಿ ಹಾಕಿದರು.

ಮೂವತ್ತಾರನೆಯ ಪಾಕೀಟು ಜರಡಿ ಹಿಡಿಯುವಾಗ
ಮಣ್ಣು ಇಳಿದು ಮೇಲೆ ಉಳಿದದ್ದು
ಬೆರಳುದ್ದದ ಒಂದು ಟಿಸಿಲು.
ಹೂವು ಉದುರಿತ್ತು. ಎಲೆ ಸುರುಟಿತ್ತು.
ಹನಿ ಇದ್ದಲ್ಲಿ ಈಗ ಹರಳು,
ಟ್ಯೂಬ್‌ಲೈಟಿಗೆ ಮಿನುಗುತ್ತಿತ್ತು.

ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.
ಮತ್ತೊಮ್ಮೆ ನಾಲಿಗೆಗೆ ಹಚ್ಚಿದೆ.